ತಿಳಿನೀರಿನ ಕಸಬು

ಹಂಪಿ ನೋಡಲು ಜನ ಮುಗಿಬೀಳುವುದು ನವೆಂಬರಿನಿಂದ ಫೆಬ್ರುವರಿಯವರೆಗೆ. ಹೊಸಪೇಟೆಯ ಹೋಟೆಲುಗಳ ಈಜುಕೊಳದಲ್ಲಿ ನೀರು ಕೊರೆಯುವುದೂ ಆಗಲೇ. ಏಪ್ರಿಲ್ ಬಂದು ಬಿಸಿಲು 40 ಡಿಗ್ರಿ ಮುಟ್ಟಿದಾಗ, ನೀರಿಗಿಳಿಯದೆ ಗತಿಯಿಲ್ಲ ಅನ್ನಿಸುವ ಹೊತ್ತಿಗೆ, ರೂಮುಗಳು ಖಾಲಿ. ಕೊಳ ನೋಡಿಕೊಳ್ಳುವವರಿಗೆ ಮಾತ್ರ ಖಾಲಿ ತಿಂಗಳೆಂಬುದಿಲ್ಲ. ಅಂಥ ಒಬ್ಬರ ಕೆಲಸವನ್ನು ನಾನು ಬೇರೆಬೇರೆ ಕಾಲಗಳಲ್ಲಿ ಪಕ್ಕದಲ್ಲಿ ಕೂತು ನೋಡಿದ್ದೇನೆ.

ಬೇಸಿಗೆಯಲ್ಲಿ ಅವರ ದಿನ ಶುರುವಾಗುವುದು ಸಂಜೆಗೆ. ಬಿಸಿಲು ಕ್ಲೋರಿನ್ನನ್ನು ತಿಂದುಹಾಕುತ್ತದೆ. ನಡುಮಧ್ಯಾಹ್ನ ಸುರಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೆರಡು ಗಂಟೆಯಲ್ಲೇ ಹಾಳು. ಅದಕ್ಕೇ ಹೊತ್ತು ಮುಳುಗಿದ ಮೇಲೆ, ಈಜುವವರೆಲ್ಲ ಎದ್ದುಹೋದ ಮೇಲೆ, ಅಂಚಿನಗುಂಟ ನಡೆಯುತ್ತ ಕ್ಯಾನಿನಿಂದ ಸಣ್ಣ ಧಾರೆಯಾಗಿ ಬಿಡುತ್ತಾರೆ. ಬೆಳಿಗ್ಗೆ ಪುಟ್ಟ ಗಾಜಿನ ನಳಿಗೆಯಲ್ಲಿ ನೀರು ತುಂಬಿ ಎರಡು ಹನಿ ಔಷಧ ಬಿಟ್ಟು ಬೆಳಕಿಗೆ ಹಿಡಿದಾಗ, ಪಿಎಚ್ 7.2ರಿಂದ 7.8ರೊಳಗೆ ಇದ್ದರೆ ನಸುಗೆಂಪು ಮೂಡಬೇಕು. ಹಳದಿಗೆ ತಿರುಗಿದರೆ ನೀರು ಹುಳಿ, ಕಣ್ಣು ಉರಿಯುತ್ತದೆ. ಕಡುಗೆಂಪಾದರೆ ಕ್ಲೋರಿನ್ ಇದ್ದೂ ಕೆಲಸ ಮಾಡದು.

ಅಷ್ಟು ಬಿಸಿಲಿಗೂ ಆ ನೀರು ಕಾದು ಬಿಸಿಯಾಗದಿರುವುದು ನನಗೆ ಮೊದಲು ಅಚ್ಚರಿಯಾಗಿತ್ತು. ಮಣ್ಣಿನ ಮಡಕೆಯ ಗುಟ್ಟೇ ಇಲ್ಲಿಯದೂ. ಒಣಗಾಳಿ ನೀರನ್ನು ಆವಿಯಾಗಿ ಎಳೆದುಕೊಳ್ಳುತ್ತದೆ, ಉಳಿದದ್ದು ತಣ್ಣಗಾಗುತ್ತದೆ. ಆದರೆ 10 ಮೀಟರ್ ಉದ್ದ, 5 ಮೀಟರ್ ಅಗಲದ ಕೊಳದಲ್ಲಿ ಒಂದೇ ಸೆಂಟಿಮೀಟರ್ ಇಳಿದರೂ 500 ಲೀಟರ್ ಹೋಯಿತು. ಅಷ್ಟನ್ನೂ ಬೋರ್‌ವೆಲ್ಲಿನ ಗಡಸು ನೀರಿನಿಂದ ತುಂಬಬೇಕು. ಆವಿ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಅಂಚಿನ ಟೈಲ್ಸಿನ ಮೇಲೆ ಬಿಳಿ ಕರೆ ಕಟ್ಟುತ್ತದೆ. ಬ್ಲೀಚಿಂಗ್ ಪೌಡರಿನಲ್ಲೂ ಸುಣ್ಣವಿರುವುದರಿಂದ ಆ ತಿಂಗಳುಗಳಲ್ಲಿ ಅವರು ಅದನ್ನು ಮುಟ್ಟುವುದಿಲ್ಲ, ದ್ರವ ಕ್ಲೋರಿನ್ನೇ ಬಳಸುತ್ತಾರೆ.

ಆಷಾಢದ ಗಾಳಿ ಕೆಂಪು ಧೂಳು ತರುತ್ತದೆ. ಅದರ ಬೆನ್ನಿಗೆ ಬರುವ ಮಳೆ ಕ್ಲೋರಿನ್ನನ್ನು ತೆಳುವಾಗಿಸುತ್ತದೆ, ಪಾಚಿಗೆ ಹಬ್ಬ. ಹಸಿರು ಕಣ್ಣಿಗೆ ಬೀಳುವ ಮೊದಲೇ ಅವರು ನೆರಳಿನ ಮೆಟ್ಟಿಲಿನ ಮೇಲೆ ಬರಿಗಾಲಿಟ್ಟು ಜಾರುತ್ತದೆಯೇ ಎಂದು ಉಜ್ಜಿ ನೋಡುತ್ತಾರೆ. ಜಾರಿದರೆ ಅಂದೇ ಬ್ರಷ್ಷು.

ನಾನು ಮರೆಯದ ಕೆಲಸವೆಂದರೆ ಪಟಿಕದ್ದು. ಒಂದು ರಾತ್ರಿ ಜೋರು ಮಳೆ ಬಂದು ಕೊಳವೆಲ್ಲ ಚಹಾದ ಬಣ್ಣಕ್ಕೆ ತಿರುಗಿತ್ತು. ಹೊಳೆಯ ಬಗ್ಗಡಕ್ಕೆ ಮನೆಗಳಲ್ಲಿ ಹಾಕುತ್ತಿದ್ದ ಅದೇ ಪಟಿಕವನ್ನು ಕರಗಿಸಿ ಸುರಿದು, ಸ್ವಲ್ಪ ಹೊತ್ತು ನೀರು ಸುತ್ತಿಸಿ, ಪಂಪು ನಿಲ್ಲಿಸಿ ಹೋದರು. ಬೆಳಗಾಗುವಷ್ಟರಲ್ಲಿ ಮಣ್ಣು ತಳದಲ್ಲಿ ಕಂಬಳಿಯ ಹಾಗೆ ಹಾಸಿಕೊಂಡಿತ್ತು. ಉದ್ದ ಕೋಲಿನ ವ್ಯಾಕ್ಯೂಮನ್ನು ಅದರ ಮೇಲೆ ಎಷ್ಟು ನಿಧಾನ ಸರಿಸಿದರೆಂದರೆ ಮೇಲ್ಮೈಯಲ್ಲಿ ಒಂದು ಅಲೆಯೂ ಏಳಲಿಲ್ಲ. “ಅವಸರ ಮಾಡಿದ್ರ ಮಣ್ಣು ಮ್ಯಾಲ ಏಳ್ತದ್ರಿ, ಮತ್ತ ಒಂದು ದಿನ ಕಾಯಬೇಕು,” ಎಂದರು. ಹೀರಿದ ಕೆಸರನ್ನು ಮರಳಿನ ಫಿಲ್ಟರಿಗೆ ಬಿಡದೆ ನೇರ ಚರಂಡಿಗೆ ಕಳಿಸಿದರು. ಇಲ್ಲವಾದರೆ ಮರಳೇ ಕಟ್ಟಿಕೊಂಡುಬಿಡುತ್ತದೆ.

ಹಂಪಿಯ ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲು ಪುಷ್ಕರಣಿಯ ಕಪ್ಪು ಕಲ್ಲುಗಳ ಮೇಲೆ, ಯಾವ ಕಲ್ಲು ಎಲ್ಲಿ ಕೂರಬೇಕೆಂದು ಕೆತ್ತಿದ ಗುರುತುಗಳು ಇಂದಿಗೂ ಇವೆ. ಕಲ್ಲಿನ ಕಾಲುವೆಯಲ್ಲಿ ಬಂದ ಆ ನೀರನ್ನು ತಿಳಿಯಾಗಿಟ್ಟ ಕೈಗಳ ಗುರುತು ಎಲ್ಲೂ ಇಲ್ಲ. ಅಲ್ಲಿ ನಿಂತಾಗೆಲ್ಲ ನನಗೆ ಈ ಕೋಲು ಹಿಡಿದವರು ನೆನಪಾಗುತ್ತಾರೆ.

ಚಳಿಗಾಲದಲ್ಲಿ ಈಜಲು ಅವರು ಹೇಳುವ ಹೊತ್ತು ಮೂರರಿಂದ ಐದು ಗಂಟೆ. ದಿನವಿಡೀ ಬಿಸಿಲು ಕುಡಿದ ನೀರು ಆಗ ಹದವಾಗಿರುತ್ತದೆ. ಬೆಳಗಿನ ಜಾವ ಇಳಿದರೆ ನೀರಿಗಿಂತ ಮೇಲೆದ್ದಾಗಿನ ಒಣಗಾಳಿಯೇ ಹೆಚ್ಚು ನಡುಕ. ಆ ಹೊತ್ತಿನಲ್ಲಿ ಕೊಳದ ಬಳಿ ಇರುವವರು ಅವರೊಬ್ಬರೇ. ನೀರು ತಿಳಿಯಾಗಿದೆಯೇ ಎಂದು ಆಳದ ಕಡೆ ಬಾಗಿ, ತಳದ ಜಾಲರಿಯ ತೂತುಗಳನ್ನು ಎಣಿಸುತ್ತಾರೆ. ಎಲ್ಲ ಲೆಕ್ಕಕ್ಕೆ ಸಿಕ್ಕಿದ ಮೇಲೇ ಕೊಳಕ್ಕೆ ಅಡ್ಡ ಕಟ್ಟಿದ ಹಗ್ಗ ಬಿಚ್ಚುತ್ತಾರೆ.