ಗೇಣುದ್ದದ ಯಂತ್ರ, ಎರಡಡಿ ಆಳದ ದೋಣಿ

ಕಂಪ್ಯೂಟರ್ ಹೇಳಿದಂತೆ ಹಲಗೆ ಕೊರೆಯುವ ಸಿಎನ್‌ಸಿ ರೌಟರ್ ಕೊಳ್ಳುವವರು ಮೊದಲು ನೋಡುವುದು ಮೇಜಿನ ಅಳತೆಯನ್ನು. ಎಂಟಡಿಗೆ ನಾಲ್ಕಡಿಯ ಇಡೀ ಹಲಗೆ ಹಿಡಿಸಿದರೆ ಸಂತೋಷಪಡುತ್ತಾರೆ. ಕೊರೆಯುವ ಬಿಟ್ ಮೇಲೆ ಕೆಳಗೆ ಎಷ್ಟು ಚಲಿಸುತ್ತದೆ ಎಂದು ಕೇಳುವವರು ಕಡಿಮೆ. ಅದು ಒಂದು ಗೇಣು ಇದ್ದರೆ ಹೆಚ್ಚು. ಹಾಗಾದರೆ ಎರಡಡಿ ಆಳದ ಫೈಬರ್ ದೋಣಿಗೆ ಮಾದರಿ ಕೊರೆಯುವುದು ಹೇಗೆ?

ದೋಣಿಯನ್ನು ಕಂಪ್ಯೂಟರಿನಲ್ಲೇ ಅಡ್ಡಡ್ಡ ಸೀಳಬೇಕು. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ 18 ಮಿ.ಮೀ. ದಪ್ಪದ ಎಂಡಿಎಫ್ ಹಲಗೆಯಾದರೆ 600 ಮಿ.ಮೀ. ಎತ್ತರಕ್ಕೆ 34 ಪದರ. ಎಲ್ಲ ಪದರಗಳಲ್ಲೂ ಒಂದೇ ಜಾಗದಲ್ಲಿ ಎರಡು ತೂತು ಕೊರೆದು, ಮರದ ಗೂಟ ತೂರಿಸಿ, ಅಂಟು ಹಚ್ಚಿ ಪೇರಿಸಿದರೆ ಆಕಾರ ಮೇಲೇಳುತ್ತದೆ. ಈ ಯೋಚನೆ ಕಂಪ್ಯೂಟರಿಗಿಂತ ಹಳೆಯದು. 1892ರಲ್ಲಿ ಜೋಸೆಫ್ ಬ್ಲಾಂತರ್ ಎಂಬಾತ ಅಮೆರಿಕದಲ್ಲಿ ಪಡೆದ ಪೇಟೆಂಟ್ ಇದೇ ಬಗೆಯದು: ನಕ್ಷೆಯ ಎತ್ತರದ ಗೆರೆಗಳಂತೆ ಮೇಣದ ಹಾಳೆ ಕತ್ತರಿಸಿ, ಪೇರಿಸಿ, ನಯಗೊಳಿಸಿ ಗುಡ್ಡಬೆಟ್ಟಗಳ ಉಬ್ಬು ನಕ್ಷೆಗೆ ಅಚ್ಚು ಮಾಡುವುದು.

ಎಲ್ಲಿ ಸೀಳಬೇಕು ಎಂಬುದರಲ್ಲೇ ಕೆಲಸಗಾರನ ಜಾಣ್ಮೆ ಇರುವುದು. ತಂತ್ರಾಂಶಕ್ಕೆ ಅದನ್ನು ಪೂರ್ತಿ ಬಿಟ್ಟುಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಲ್ಮೈ ಹೆಚ್ಚುಕಡಿಮೆ ಮಟ್ಟಸವಾಗಿರುವ ಕಡೆ ಸೀಳು ಬಂದರೆ ಪದರದ ಅಂಚು ಕಾಗದದಷ್ಟು ತೆಳುವಾಗಿ ಚಕ್ಕೆ ಏಳುತ್ತದೆ. ಒಣಗಿದ ಅಂಟು ಎಂಡಿಎಫ್‌ಗಿಂತ ಗಟ್ಟಿಯಾದ್ದರಿಂದ ಉಜ್ಜಿದಷ್ಟೂ ಅದೇ ಏಣಾಗಿ ಉಳಿಯುತ್ತದೆ. ಆಕಾರದಲ್ಲಿ ಮೊದಲೇ ಮಡಿಕೆ ಇರುವ ಕಡೆ ಬೆಸುಗೆ ಬರುವಂತೆ ಸೀಳಿದರೆ ಈ ಎರಡೂ ತೊಂದರೆ ತಪ್ಪುತ್ತವೆ.

ಪದರಗಳ ಮೆಟ್ಟಿಲು ಹೋಗಬೇಕಲ್ಲ? ಎಲ್ಲವನ್ನೂ ಒಮ್ಮೆಗೇ ಪೇರಿಸದೆ, ಬಿಟ್‌ನ ಚಲನೆಗೆ ಎಟುಕುವಂತೆ ಐದೈದು ಪದರ ಅಂಟಿಸಿ 90 ಮಿ.ಮೀ. ದಿಮ್ಮಿ ಮಾಡಿ, ಗುಂಡು ಮೂತಿಯ ಬಿಟ್‌ನಿಂದ ಸಾಲು ಸಾಲಾಗಿ ಕೆತ್ತಿ, ಆಮೇಲೆ ಪೇರಿಸುತ್ತಾರೆ. 6 ಮಿ.ಮೀ. ವ್ಯಾಸದ ಬಿಟ್ ಸಾಲಿನಿಂದ ಸಾಲಿಗೆ 3 ಮಿ.ಮೀ. ಸರಿದರೆ ನಡುವೆ 0.4 ಮಿ.ಮೀ. ದಿಬ್ಬ ಉಳಿಯುತ್ತದೆ. 0.6 ಮಿ.ಮೀ. ಸರಿದರೆ ಉಳಿಯುವುದು 0.015 ಮಾತ್ರ. ಆದರೆ ನಿಮಿಷಕ್ಕೆ 3 ಮೀಟರ್ ವೇಗದಲ್ಲಿ ಒಂದು ಚದರ ಮೀಟರ್ ಮುಗಿಸಲು ಮೊದಲನೆಯದಕ್ಕೆ ಎರಡು ಗಂಟೆಯೂ ಬೇಡ, ಎರಡನೆಯದಕ್ಕೆ ಒಂಬತ್ತು ಗಂಟೆಗೂ ಹೆಚ್ಚು. ಆ ಹೊತ್ತೆಲ್ಲ ಏಳುವ ಎಂಡಿಎಫ್ ಪುಡಿ ಬಹಳ ನುಣ್ಣಗಿರುತ್ತದೆ, ಅದರಲ್ಲಿ ಫಾರ್ಮಾಲ್ಡಿಹೈಡ್ ಅಂಟೂ ಇರುತ್ತದೆ. ದಯವಿಟ್ಟು ಒಳ್ಳೆಯ ಮಾಸ್ಕ್ ಇಲ್ಲದೆ ಹತ್ತಿರ ನಿಲ್ಲಬೇಡಿ.

ಮಾದರಿಗೆ ಮೇಣ ಬಳಿದು, ಹೊರಮೈಯ ರಾಳವಾದ ಜೆಲ್‌ಕೋಟ್ ಹಚ್ಚಿ, ಗಾಜಿನ ನಾರು ಮತ್ತು ರಾಳ ಹಾಕಿದರೆ ಅಚ್ಚು ಸಿದ್ಧ. ಅದು ಕಳಚಿ ಬರಬೇಕಾದರೆ ಗೋಡೆಗಳಿಗೆ ಒಂದೆರಡು ಡಿಗ್ರಿಯಾದರೂ ಓರೆ ಇರಬೇಕು. ಮನೆಯ ಪ್ಲಾಸ್ಟಿಕ್ ಬಕೆಟ್ ನೋಡಿ: ಬುಡ ಕಿರಿದು, ಬಾಯಿ ಅಗಲ. ಅಚ್ಚಿನಿಂದ ಸಲೀಸಾಗಿ ಹೊರಬರಲೂ ಆ ಆಕಾರ ನೆರವಾಗುತ್ತದೆ.

ಲೋಹದ ಎರಕಕ್ಕಾದರೆ ಇನ್ನೊಂದು ಲೆಕ್ಕ ಸೇರುತ್ತದೆ. ಬೀಡುಕಬ್ಬಿಣ ಆರುವಾಗ ಸುಮಾರು ಶೇ. 1ರಷ್ಟು ಕುಗ್ಗುತ್ತದೆ, ಅಂದರೆ ಮೀಟರಿಗೆ 10 ಮಿ.ಮೀ. ಬೆಳಗಾವಿಯ ಫೌಂಡ್ರಿಗಳಿಗೆ ಪ್ಯಾಟರ್ನ್, ಅಂದರೆ ಎರಕದ ಮಾದರಿ, ಮಾಡಿಕೊಡುವವರು ಮಾದರಿಯನ್ನು ಅಷ್ಟು ಹಿಗ್ಗಿಸಿಯೇ ಮಾಡುವುದು. ಹಲಗೆಯ ದಪ್ಪವನ್ನೂ ವರ್ನಿಯರ್ ಹಿಡಿದು ಅಳೆಯಬೇಕು. 18 ಎಂದು ಕೊಂಡದ್ದು 17.7 ಇದ್ದರೆ 34 ಪದರಕ್ಕೆ ಒಂದು ಸೆಂಟಿಮೀಟರ್ ಹೋಯಿತು. ಹಿಗ್ಗಿಸುವುದು, ಅಳೆಯುವುದು ಎರಡೂ ಸೀಳುವ ಮೊದಲೇ ಮುಗಿಯಬೇಕು. ಸೀಳಿದ ಮೇಲೆ ಹಿಗ್ಗಿಸಿದರೆ ಪದರದ ದಪ್ಪ 18.18 ಮಿ.ಮೀ. ಆಗುತ್ತದೆ, ಅಂಥ ಹಲಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.