ಹಾಡಿನ ಪಾಠಾಂತರಗಳು

ಹಳಗನ್ನಡ ಕಾವ್ಯದ ಸಂಪಾದಿತ ಪ್ರತಿಯನ್ನು ಬಿಡಿಸಿ ನೋಡಿದವರಿಗೆ ಪುಟದ ಬುಡದಲ್ಲಿರುವ ಸಣ್ಣ ಅಕ್ಷರಗಳ ಪರಿಚಯ ಇದ್ದೇ ಇರುತ್ತದೆ. ಮೇಲೆ ಇರುವುದು ಸಂಪಾದಕರು ಒಪ್ಪಿದ ಪಾಠ. ಕೆಳಗಿನವು ಬೇರೆ ಬೇರೆ ಓಲೆಪ್ರತಿಗಳಲ್ಲಿ ದೊರೆತು, ಮೇಲೇರುವ ಭಾಗ್ಯವಿಲ್ಲದೆ ಉಳಿದ ಪಾಠಾಂತರಗಳು. ವಿದ್ಯಾರ್ಥಿಗಳು ಆ ಭಾಗವನ್ನು ಹಾರಿಸಿ ಓದುತ್ತಾರೆ. ಅಧ್ಯಾಪಕರೂ ಹಾರಿಸುವುದುಂಟು, ಅದು ಬೇರೆಯ ಮಾತು. ಆದರೆ ಎಷ್ಟೋ ಸಲ ಕವಿಯ ನಿಜವಾದ ಮಾತು ಕೆಳಗೇ ಕುಳಿತಿರುತ್ತದೆ. ಹಾಡಿನ ಲೋಕದಲ್ಲಿಯೂ ಇಂಥ ಅಡಿಟಿಪ್ಪಣಿಗಳ ಒಂದು ಭಾಗವಿದೆ. ಗಾಯಕನು ತನ್ನ ಮುದ್ರಿಕೆಗೆ ಸೇರಿಸದೆ ಬಿಟ್ಟ ಹಾಡು, ಒಮ್ಮೆ ಮಾತ್ರ ಬಾನುಲಿಗಾಗಿ ಹಾಡಿದ್ದು, ಮೊದಲ ಯತ್ನದಲ್ಲಿ ಬೇರೊಂದು ಲಯದಲ್ಲಿ ಹರಿದದ್ದು, ಇವನ್ನೆಲ್ಲ ಒಟ್ಟುಗೂಡಿಸಿ ಹೊರತರುವ ಸಂಕಲನಗಳು ಪಶ್ಚಿಮದಲ್ಲಿ ಬಹಳ ಇವೆ. ‘ಅಪೂರ್ವ ಧ್ವನಿಮುದ್ರಣಗಳು’ ಎಂದು ನಾವು ಅವನ್ನು ಕರೆಯಬಹುದು.

ಅಂಥದೊಂದು ಸಂಕಲನ ಈಗ ನನ್ನ ಬಳಿ ಇದೆ. ಇಂಗ್ಲೆಂಡಿನಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿಯ ‘ಫೇರ್‌ಪೋರ್ಟ್ ಕನ್ವೆನ್ಷನ್’ ತಂಡದ ಕಚೇರಿಗೆ ಹೋದಾಗ, ಬಾಗಿಲ ಬಳಿ ಮೇಜಿನ ಮೇಲೆ ಮಾರಾಟಕ್ಕಿಟ್ಟಿದ್ದ ‘ಹೇಡೇ’ ಎಂಬ ಅಡಕ ತಟ್ಟೆಯನ್ನು ಕೊಂಡು ಶಿವಮೊಗ್ಗಕ್ಕೆ ತಂದುಕೊಟ್ಟಳು. ಈ ತಂಡ ಲಂಡನ್ನಿನಲ್ಲಿ 1967ರಲ್ಲಿ ಹುಟ್ಟಿತು. ಮುದುಕಿಯರ ಬಾಯಲ್ಲಿ ಉಳಿದಿದ್ದ ಇಂಗ್ಲಿಷ್ ಲಾವಣಿಗಳನ್ನು ವಿದ್ಯುತ್ ಗಿಟಾರು, ಡ್ರಮ್ಮುಗಳೊಡನೆ ಹಾಡುವ ‘ಜಾನಪದ ರಾಕ್’ ಎಂಬ ಪದ್ಧತಿಗೆ ಅಲ್ಲಿ ದಾರಿ ಹಾಕಿದವರಲ್ಲಿ ಇವರು ಪ್ರಮುಖರು. ‘ಹೇಡೇ’ಯಲ್ಲಿರುವ 12 ಹಾಡುಗಳು 1968 ಮತ್ತು 1969ರಲ್ಲಿ ಬಿ.ಬಿ.ಸಿ. ಬಾನುಲಿಗಾಗಿ ಹಾಡಿದವು. ಹೆಚ್ಚಿನವು ಅನ್ಯರ ರಚನೆಗಳು: ಲೆನರ್ಡ್ ಕೋಹೆನ್, ಜೋನಿ ಮಿಚೆಲ್, ಬಾಬ್ ಡಿಲನ್ ಇವರವು. ತಂಡದ ಸ್ಥಾಪಕರಲ್ಲೊಬ್ಬರಾದ ಆಶ್ಲಿ ಹಚಿಂಗ್ಸ್ ಇವನ್ನು ಕೂಡಿಸಿ 1976ರಲ್ಲಿ ಖಾಸಗಿಯಾಗಿ ಒಂದು ಕ್ಯಾಸೆಟ್ಟು ಮಾಡಿದರು. ಮಾರುಕಟ್ಟೆಗೆ ತಟ್ಟೆಯಾಗಿ ಬಂದದ್ದು 1987ರಲ್ಲಿ.

ಧ್ವನಿ ಅಷ್ಟು ಶುದ್ಧವಾಗಿಲ್ಲ. ಆದರೂ ಕೇಳುತ್ತಿದ್ದಂತೆ ಮನಸ್ಸು ಭಾರವಾಗುತ್ತದೆ. 1969ರ ಮೇ ತಿಂಗಳಲ್ಲಿ, ಕಚೇರಿ ಮುಗಿಸಿ ಊರಿಗೆ ಮರಳುವಾಗ ಈ ತಂಡದ ವ್ಯಾನು ಹೆದ್ದಾರಿಯಲ್ಲಿ ಉರುಳಿತು. ಡ್ರಮ್ ನುಡಿಸುತ್ತಿದ್ದ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡ. ಅವನಿಗೆ ಕೇವಲ 19 ವರ್ಷ. ಉಳಿದವರು ಚೇತರಿಸಿಕೊಂಡ ಮೇಲೆ ಹಳೆಯ ದಾರಿಯನ್ನೇ ಬಿಟ್ಟು ಲಾವಣಿಗಳ ಕಡೆಗೆ ತಿರುಗಿದರು. ಗಾಯಕಿ ಸ್ಯಾಂಡಿ ಡೆನ್ನಿ 1978ರಲ್ಲಿ, 31ನೆಯ ವಯಸ್ಸಿನಲ್ಲಿ, ಇಲ್ಲವಾದಳು. ಆ ಹುಡುಗನ ಕೈಯೂ ಈ ಹೆಣ್ಣಿನ ಕೊರಳೂ ಕೂಡಿ ನಡೆದದ್ದು ಕೆಲವೇ ತಿಂಗಳು. ಆ ತಿಂಗಳುಗಳ ನೆನಪು ಈ ಅಡಿಟಿಪ್ಪಣಿಯಲ್ಲಿದೆ.

ಬಾನುಲಿಗೆ ಇಂಥ ಹಾಡುಗಳು ಬೇಕಾದುದೇಕೆ? ಅಂಗಡಿಯಲ್ಲಿ ಮಾರುವ ತಟ್ಟೆಗಳನ್ನು ಬಿ.ಬಿ.ಸಿ.ಯು ದಿನಕ್ಕೆ ಇಷ್ಟೇ ಹೊತ್ತು ನುಡಿಸಬಹುದೆಂದು ವಾದಕರ ಸಂಘ ಮತ್ತು ಧ್ವನಿಮುದ್ರಿಕೆಯ ಕಂಪನಿಗಳೊಡನೆ ಒಂದು ಕರಾರಿತ್ತು. ‘ಸೂಜಿಯ ಸಮಯ’ ಎಂದು ಅದರ ಹೆಸರು. ಉಳಿದ ಹೊತ್ತನ್ನು ತುಂಬಲು ತಂಡಗಳನ್ನು ಕರೆಸಿ ಹೊಸದಾಗಿ ಹಾಡಿಸಬೇಕಾಯಿತು. ನಮ್ಮಲ್ಲಿಯೂ ಇದಕ್ಕೆ ಹೋಲುವ ಒಂದು ಕಥೆಯಿದೆ. 1952ರಲ್ಲಿ ಪ್ರಸಾರ ಖಾತೆಯ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರು ಚಲನಚಿತ್ರಗೀತೆಗಳನ್ನು ಆಕಾಶವಾಣಿಯಿಂದ ದೂರವಿರಿಸಿದಾಗ, ಆ ಜಾಗಕ್ಕೆ ಬೇರೆ ಹಾಡುಗಳು ಬೇಕಾದವು. ಕವಿಗಳ ರಚನೆಗಳಿಗೆ ರಾಗ ಹಾಕಿಸುವ ವಿಭಾಗಗಳು ಬೆಳೆದವು. 1957ರಲ್ಲಿ ವಿವಿಧಭಾರತಿಯ ಮೂಲಕ ಸಿನಿಮಾ ಹಾಡು ಹಿಂದಿರುಗಿತು. ಆದರೆ ನಾವಿಂದು ‘ಸುಗಮ ಸಂಗೀತ’ ಎನ್ನುವ ಬೆಳೆ ಬಾನುಲಿಯ ಆ ಹೊಲದಲ್ಲಿಯೇ ಹುಲುಸಾಯಿತು. ಎರಡು ದೇಶಗಳಲ್ಲಿಯೂ ನಿರ್ಬಂಧವೇ ನಿಧಿಯನ್ನು ಹುಟ್ಟಿಸಿತು. ಎರಡು ಕಡೆಯೂ ಅದನ್ನು ನಿಧಿಯೆಂದು ಬಗೆದವರು ಕಡಿಮೆ. ಟೇಪು ದುಬಾರಿ, ಒಂದು ಹಾಡನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ತುಂಬುವುದು ಬಿ.ಬಿ.ಸಿ.ಯಲ್ಲಿಯೂ ವಾಡಿಕೆಯಾಗಿತ್ತು.

ಬಿಟ್ಟದ್ದೆಲ್ಲ ಅಪೂರ್ವವೆಂದು ನಾನು ಹೇಳುತ್ತಿಲ್ಲ. ಗಾಯಕ ಸತ್ತ ಮೇಲೆ ಪಾತ್ರೆಯ ತಳ ಕೆರೆದು ಮಾರುವ ವ್ಯಾಪಾರವೂ ಧಾರಾಳವಾಗಿದೆ. ಆದರೂ ಆಯ್ಕೆ ಮಾಡಿದವನ ತೀರ್ಪೇ ಕೊನೆಯದಲ್ಲ. 2016ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಬಾಬ್ ಡಿಲನ್ನರ ಬಿಡಿಹಾಡುಗಳ 3 ಸಂಪುಟಗಳು 1991ರಲ್ಲಿ ಬಂದವು. ಒಟ್ಟು 58 ತುಣುಕುಗಳು. ಕುರುಡು ಗಾಯಕನೊಬ್ಬನ ಹೆಸರು ಹೊತ್ತ, 1983ರ ಮುದ್ರಿಕೆಯಿಂದ ಅವರೇ ಕೈಬಿಟ್ಟಿದ್ದ ಹಾಡೊಂದು ಅದರಲ್ಲಿದೆ. ಇಂದು ಅದು ಅವರ ಉತ್ತಮ ರಚನೆಗಳ ಸಾಲಿನಲ್ಲಿ ನಿಂತಿದೆ. ಅವರ ಅತ್ಯಂತ ಪ್ರಸಿದ್ಧ ಹಾಡು ಮೊದಲು ಮೂರರ ಎಣಿಕೆಯ ಲಯದಲ್ಲಿ ತಡವರಿಸುತ್ತ ನಡೆದುದನ್ನೂ ಅಲ್ಲಿ ಕೇಳಬಹುದು. ಕವಿಯ ಹೊಡೆದುಹಾಕಿದ ಹಸ್ತಪ್ರತಿಯನ್ನು ಕಂಡಷ್ಟೇ ಸಂತೋಷ.

ಇನ್ನು ನಮ್ಮ ಮನೆಯ ಮಾತು. ಶಿಶುನಾಳದ ಶರೀಫರು 1819ರಿಂದ 1889ರವರೆಗೆ ಬಾಳಿದವರು. ಅವರ ತತ್ವಪದಗಳು ಭಜನೆಯವರ ಬಾಯಿಂದ ಬಾಯಿಗೆ ನಡೆದು ಬಹುಕಾಲದ ಮೇಲೆ ಅಚ್ಚಾದವು. ಏಕತಾರಿ, ದಿಮ್ಮಿಗಳೊಡನೆ ಊರೂರಿನಲ್ಲಿ ಒಂದೊಂದು ಬಗೆ. ಅನಂತರ ಸಿ. ಅಶ್ವತ್ಥ್ ಅವರು ಕ್ಯಾಸೆಟ್ಟುಗಳಲ್ಲಿ ಹಾಡಿದಾಗ, ಮತ್ತೆ 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ, ಆ ಎಲ್ಲ ಬಗೆಗಳ ಮೇಲೆ ಒಂದು ದೊಡ್ಡ ಕಂಠದ ಮುದ್ರೆ ಬಿತ್ತು. ನಮ್ಮ ಜಿಲ್ಲೆಯವರೇ ಆದ ಶಿವಮೊಗ್ಗ ಸುಬ್ಬಣ್ಣನವರದು ಮತ್ತೊಂದು ಹದ. ಸೋರುವ ಮಾಳಿಗೆಯ ಪದ, ಗುಡುಗುಡಿಯ ಪದ, ಇವೆರಡನ್ನೂ ರಘು ದೀಕ್ಷಿತ್ 2008ರ ‘ಅಂತರಾಗ್ನಿ’ಯಲ್ಲಿ ಗಿಟಾರಿನೊಡನೆ ತಮ್ಮದೇ ರೀತಿಯಲ್ಲಿ ಹಾಡಿದರು. ನನ್ನ ವಯಸ್ಸಿನ ಕೆಲವರು ಮುಖ ಸಿಂಡರಿಸಿದರು. ನನಗೇನೋ ಅದು ಅಪಚಾರವೆನಿಸಲಿಲ್ಲ. ತತ್ವಪದಕ್ಕೆ ಮೂಲಪಾಠವೆಂಬುದೇ ಇಲ್ಲದಿರುವಾಗ ಪಾಠಾಂತರಗಳೇ ಅದರ ಬದುಕು. ಹಾಗಿರುವಾಗ ಒಂದು ಪಾಠ ಮಾತ್ರ ಅಂಗಡಿಯಲ್ಲಿ ಉಳಿದು ಮಿಕ್ಕವು ಅಳಿದರೆ, ಆಗುವ ನಷ್ಟ ಪಂಡಿತರದು ಮಾತ್ರವಲ್ಲ.

ಭದ್ರಾವತಿಯ ಆಕಾಶವಾಣಿ ಕೇಂದ್ರ 1960ರ ದಶಕದಲ್ಲಿ ಶುರುವಾಯಿತು. ಕಾರ್ಖಾನೆಯ ಸೈರನ್ನಿನಷ್ಟೇ ಅದರ 675 ಕಿಲೋಹರ್ಟ್ಸ್ ಕೂಡ ನಮ್ಮ ಸೀಮೆಯ ಮನೆಗಳಿಗೆ ಪರಿಚಿತ. 1980ರ ದಶಕದಲ್ಲಿ ನಾನು ಆ ಪ್ರಸಾರವನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದಿಡುತ್ತಿದ್ದೆ. ಒಂದರಲ್ಲಿ ಶರೀಫರ ಗುಡುಗುಡಿಯ ಪದವಿದೆ. ಹಾಡಿದ್ದು ಒಬ್ಬ ವಯಸ್ಸಾದ ಹೆಂಗಸು. ಪಕ್ಕದಲ್ಲಿ ಏಕತಾರಿ, ತಾಳ, ಅಷ್ಟೆ. ನಗೆಯ ಪದವೆಂದು ನಾವೆಲ್ಲ ತಿಳಿದಿರುವುದನ್ನು ಆಕೆ ಎಷ್ಟು ನಿಧಾನವಾಗಿ ಹಾಡುತ್ತಾರೆಂದರೆ ಅದು ಚರಮಗೀತೆಯಂತೆ ಕೇಳಿಸುತ್ತದೆ. ಈ ಧಾಟಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಮಲೆನಾಡಿನ ಮಳೆಗಾಲ ಟೇಪಿಗೆ ವೈರಿ. ಸುರುಳಿಯ ಮೇಲೆ ಬೂಸ್ಟು ಹತ್ತುತ್ತದೆ, ಪದರ ಉದುರುತ್ತದೆ, ಯಂತ್ರದಲ್ಲಿ ಇಟ್ಟೊಡನೆ ಕಿರುಗುಟ್ಟುತ್ತದೆ. ಆಕಾಶವಾಣಿ ತನ್ನ ಭಂಡಾರದಿಂದ ಶಾಸ್ತ್ರೀಯ ವಿದ್ವಾಂಸರ ಗಾಯನವನ್ನು ತಟ್ಟೆಗಳಾಗಿ ಹೊರತಂದಿದೆ. ತತ್ವಪದ, ಜಾನಪದಗಳಿಗೂ ಅಂಥ ಸರಣಿಯೊಂದು ಬೇಕು. ಅದಕ್ಕೆ ಮನೆಮನೆಯ ಅಟ್ಟದ ಪೆಟ್ಟಿಗೆಗಳೂ ಸೇರಬೇಕು. ‘ಹೇಡೇ’ಯೂ ಒಬ್ಬ ವ್ಯಕ್ತಿಯ ಖಾಸಗಿ ಕ್ಯಾಸೆಟ್ಟಾಗಿಯೇ ಆರಂಭವಾದುದು. ಓಲೆಪ್ರತಿಗೆ ಮಾಡುವಂತೆ ಪ್ರತಿಯೊಂದಕ್ಕೂ ವಿವರ ಬರೆದಿಡಬೇಕು: ಎಲ್ಲಿ ದೊರೆಯಿತು, ಯಾವ ವರ್ಷ, ಯಾರು ಹಾಡಿದರು, ಪಕ್ಕವಾದ್ಯ ಯಾವುದು, ಎಲ್ಲಿ ತ್ರುಟಿತವಾಗಿದೆ.

ನನ್ನ ಕ್ಯಾಸೆಟ್ಟಿನ ಹಾಡನ್ನು ಗಣಕಯಂತ್ರ ಬಲ್ಲ ಹುಡುಗನೊಬ್ಬನಿಂದ ನಕಲು ಮಾಡಿಸಿ ಎರಡು ಕಡೆ ಇರಿಸಿದ್ದೇನೆ. ವಿವರದ ಹಾಳೆಯಲ್ಲಿ ಗಾಯಕಿಯ ಹೆಸರಿನ ಜಾಗ ಮಾತ್ರ ಖಾಲಿ. ಆ ಸಂಜೆ ಮಳೆಯಿತ್ತು. ಉದ್ಘೋಷಕರು ಹೆಸರು ಹೇಳಿದ ಕ್ಷಣದಲ್ಲಿಯೇ ಮಿಂಚಿನ ಕರಕರ ಬಂದು ಒಂದು ಊರಿನ ಕೊನೆಯ ಅಕ್ಷರಗಳಷ್ಟೇ ಕೇಳಿಸುತ್ತವೆ: ‘…ಹಳ್ಳಿಯ’. ಅಂದು ಆ ಪ್ರಸಾರ ಕೇಳಿದವರು ಭದ್ರಾವತಿಯಲ್ಲಿಯೋ ಶಿವಮೊಗ್ಗದಲ್ಲಿಯೋ ಇನ್ನೂ ಇದ್ದಾರು.