ನೀರಿನ ಮೇಲಣ ಎಣ್ಣೆಯನ್ನು ತೆಗೆಯುವ ತೇಲುಯಂತ್ರ

2017ನೆಯ ಇಸವಿ ಜನವರಿ 28ರಂದು ಚೆನ್ನೈ ಸಮೀಪದ ಎಣ್ಣೂರಿನ ಬಳಿ ಎರಡು ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ದಪ್ಪನೆಯ ಫರ್ನೇಸ್ ಎಣ್ಣೆಯು ಸಮುದ್ರಕ್ಕೆ ಸೋರಿತು. ದಡಕ್ಕೆ ಬಂದುದನ್ನು ಜನರು ಬಕೀಟುಗಳಿಂದ ಮೊಗೆಯಬೇಕಾಯಿತು.

ಎಣ್ಣೆಯು ನೀರಿಗಿಂತ ಹಗುರವಾದುದರಿಂದ ಮೇಲೆ ತೇಲುವುದು. ಮೊದಲು ತೇಲುವ ತಡೆಯಿಂದ ಅದನ್ನು ಸುತ್ತುಗಟ್ಟಿ ಒಂದೆಡೆ ಕೂಡಿಸುವರು. ಬಳಿಕ ತೇಲುಯಂತ್ರದ ತಿರುಗುವ ಉರುಳೆಗೆ ಎಣ್ಣೆಯು ಅಂಟಿಕೊಳ್ಳುವುದು. ಅಲಗು ಅದನ್ನು ಕೆರೆದು ತೊಟ್ಟಿಗೆ ಇಳಿಸುವುದು. ಅಲೆಗಳು ಹೆಚ್ಚಿದರೆ ಕೆಲಸವು ಕೆಡುವುದು. ಆದುದರಿಂದ ವಿಳಂಬವು ಸಲ್ಲದು.

ನಮ್ಮ ಕೆರೆಬಾವಿಗಳಲ್ಲಿ ಪಂಪಿನ ಡೀಸೆಲ್ ಬಿದ್ದರೂ ಕ್ರಮವು ಇದೇ. ಕೂಡಲೇ ನೀರೆತ್ತುವುದನ್ನು ನಿಲ್ಲಿಸಿ, ತೇಲುವ ಬಿದಿರಿಗೆ ಒಣಹುಲ್ಲಿನ ಕಂತೆಗಳನ್ನು ಬಿಗಿದು ಅಡ್ಡಗಟ್ಟಿ, ಎಣ್ಣೆ ಹೀರಿದ ಹುಲ್ಲನ್ನು ಹೊರತೆಗೆಯಬೇಕು. ಅದನ್ನು ದನಗಳ ಬಾಯಿಗೆ ಸಿಕ್ಕದಂತೆ ಇಡಬೇಕು. ಸಾಬೂನು ಹಾಕಿದರೆ ಎಣ್ಣೆಯು ನೀರಿನೊಳಗೆ ಬೆರೆತು, ತೆಗೆಯುವುದು ದುಸ್ತರವಾಗುವುದು. ಗ್ರಾಮಮುಖ್ಯರು ಇದನ್ನು ರೈತರೆಲ್ಲರಿಗೂ ತಿಳಿಯಪಡಿಸಬೇಕಾಗಿ ಪ್ರಾರ್ಥನೆ.